ಕಡಲಪಾಚಿ ತಿಂದರೆ ಶುಗರ್ ಜಾಸ್ತಿ ಆಗುತ್ತಾ?

ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ಓದಿದ್ದು ಕಂದು ಕಡಲಪಾಚಿಯ ಮೇಲೆ. ಕಡಲೇ ಇಲ್ಲದ ಬೆಂಗಳೂರಲ್ಲಿ ಮದುವೆಮನೆಗೆ ಹೋದರೂ ಈ ಪ್ರಶ್ನೆ ತಪ್ಪಲ್ಲ.

ಮೊನ್ನೆ ಕೇಳಿದ್ದು ಜಯನಗರದ ಚಿಕ್ಕಮ್ಮ. ಮಗ ಜಪಾನಿನಿಂದ ಕೊಂಬು ಅನ್ನೋ ಒಣ ಪಾಚಿ ತಂದಿದ್ದ. "ನೋಡೇ, ಮೇಲೆಲ್ಲಾ ಬೂಷ್ಟು ಹಿಡಿದಿದೆ" ಅಂತ ಎಸೆಯೋಕೆ ಹೊರಟಿದ್ದರು. ಆ ಬಿಳಿ ಪುಡಿಯನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟೆ. ಉಪ್ಪಿನ ಹಿಂದೆ ತೆಳುವಾದ ಸಿಹಿ. ಬೂಷ್ಟಲ್ಲ, ಮ್ಯಾನಿಟಾಲ್. ಬಿಸಿಲಲ್ಲಿ ಪಾಚಿ ತಯಾರಿಸುವ ಸಕ್ಕರೆಯಂಥ ವಸ್ತು.

"ಸಿಹಿನಾ? ಹಾಗಾದ್ರೆ ನನಗೆ ಬೇಡಮ್ಮ."

ಬೇಡ ಅನ್ನೋಕೆ ಅದು ಕಾರಣವಲ್ಲ. ಮ್ಯಾನಿಟಾಲ್ ನಮ್ಮ ಕರುಳಿನಿಂದ ರಕ್ತಕ್ಕೆ ಸೇರುವುದೇ ಕಡಿಮೆ. ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತೆ, ಅಷ್ಟೇ.

ಪಾಚಿಯ ನಿಜವಾದ ಹಗೇವು ಲ್ಯಾಮಿನರಿನ್. ಅನ್ನದ ಪಿಷ್ಟದಲ್ಲೂ ಗ್ಲೂಕೋಸೇ, ಇದರಲ್ಲೂ ಗ್ಲೂಕೋಸೇ. ಗ್ಲೂಕೋಸ್‌ಗಳನ್ನು ಒಂದಕ್ಕೊಂದು ಬೆಸೆಯುವ ಕೊಂಡಿ ಮಾತ್ರ ಬೇರೆ. ಪಿಷ್ಟದ್ದು ಆಲ್ಫಾ 1,4. ಇದರದ್ದು ಬೀಟಾ 1,3. ನಮ್ಮ ಜೊಲ್ಲಿನ ಅಮೈಲೇಸ್ ಅನ್ನೋ ಕಿಣ್ವ ಮೊದಲನೆಯದನ್ನು ಕತ್ತರಿಸುತ್ತೆ, ಎರಡನೆಯದನ್ನು ಮುಟ್ಟಲ್ಲ. ಪಾಚಿಗೆ ಮಾತ್ರ ಅದು ಪ್ರಾಣ. ತಣ್ಣನೆ ಕಡಲಿನ ಲ್ಯಾಮಿನೇರಿಯಾ ಅನ್ನೋ ಕಂದು ಪಾಚಿ ಇದನ್ನು ಬೇಸಿಗೆಯಲ್ಲಿ ಕೂಡಿಟ್ಟು ಚಳಿಗಾಲದಲ್ಲಿ ಕರಗಿಸುತ್ತೆ. ಆರ್ಕ್ಟಿಕ್‌ನಲ್ಲಿ ಹಿಮದಡಿಯ ಕತ್ತಲಲ್ಲೇ ಹೊಸ ಎಲೆ ಬಿಡುವ ಜಾತಿಯೂ ಇದೆ, ಆ ಕೂಡಿಟ್ಟಿದ್ದರ ಬಲದಿಂದ.

ನನಗೆ ಇಷ್ಟದ್ದು ಕಂದು ಪಾಚಿಯಲ್ಲೇ ಇರುವ ಇನ್ನೊಂದು ವಸ್ತು, ಆಲ್ಜಿನೇಟ್. ಹಲ್ಲಿನ ಅಚ್ಚು ತೆಗೆಸಿಕೊಂಡಿದ್ದೀರಾ? ಬಾಯಿಗೆ ತುರುಕುವ ಆ ತಣ್ಣನೆ ಪೇಸ್ಟ್ ಎರಡು ಮೂರು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತಲ್ಲ, ಅದೇ ಇದು. 1881ರಲ್ಲಿ ಇದನ್ನು ಪಾಚಿಯಿಂದ ತೆಗೆದು ತೋರಿಸಿದ್ದು ಬ್ರಿಟನ್ನಿನ ಸ್ಟ್ಯಾನ್‌ಫೋರ್ಡ್. ಪಾಚಿ ಮೊದಲು ಬರೀ ಮ್ಯಾನ್ಯುರಾನಿಕ್ ಆಮ್ಲ ಅನ್ನೋ ಸಕ್ಕರೆಯಂಥ ಮಣಿಗಳ ಸರ ಪೋಣಿಸುತ್ತೆ. ಆಮೇಲೆ ಒಂದು ಕಿಣ್ವ ಸರ ಬಿಚ್ಚದೆಯೇ ಕೆಲವು ಮಣಿಗಳನ್ನು ಗುಲ್ಯುರಾನಿಕ್ ಆಮ್ಲವಾಗಿ ಮಾರ್ಪಡಿಸುತ್ತೆ. ಈ ಎರಡನೇ ಮಣಿಗಳು ಸಾಲಾಗಿ ಸಿಕ್ಕರೆ ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿಯುತ್ತವೆ. ಅಲೆಯ ಏಟಿಗೆ ಬಾಗಬೇಕಾದ ಎಲೆ ಮೆತ್ತಗೆ, ನಿಲ್ಲಬೇಕಾದ ಕಾಂಡ ಬಿಗಿ. ಮಣಿಗಳ ಲೆಕ್ಕ ಹೊಂದಿಸಿಯೇ ಇದನ್ನು ಸಾಧಿಸೋದು. ಎಂಥ ಜಾಣತನ ಅಲ್ವಾ! ಇದನ್ನೂ ನಾವು ಅರಗಿಸಿಕೊಳ್ಳಲ್ಲ, ನಾರಿನಂತೆ ಹೋಗುತ್ತೆ. ಕಂದು ಪಾಚಿಯ ಇನ್ನೊಂದು ಸಕ್ಕರೆ ಸರ, ಗಂಧಕ ಅಂಟಿಸಿಕೊಂಡ ಫ್ಯೂಕೋಯ್ಡಾನ್ ಕತೆಯೂ ಹೆಚ್ಚುಕಡಿಮೆ ಅಷ್ಟೇ.

ಅಂದಹಾಗೆ, ನಮ್ಮ ಚೈನಾ ಗ್ರಾಸ್ ಕಂದು ಪಾಚಿಯಲ್ಲ. ಅದು ಕೆಂಪು ಪಾಚಿಯ ಅಗಾರ್.

ಹಾಗಾಗಿ ಉತ್ತರ: ಬರೀ ಪಾಚಿಯಿಂದ ಶುಗರ್ ಏರುವುದು ತೀರಾ ಕಡಿಮೆ. ಸಕ್ಕರೆ, ಸಾಸ್ ಹಾಕಿದ ತಿಂಡಿಯಾದರೆ ಲೆಕ್ಕ ಬೇರೆ.

ಇಷ್ಟೆಲ್ಲಾ ಹೇಳಿದ ಮೇಲೆ ಚಿಕ್ಕಮ್ಮ ಸಾರಿಗೆ ಒಂದು ತುಂಡು ಹಾಕೋಕೆ ತಯಾರಾದರು. ಆಗ ಕಿಟಕಿ ಹತ್ತಿರ ಥೈರಾಯ್ಡ್ ಮಾತ್ರೆ ಕಾಣಿಸಿತು. ಕೊಂಬಲ್ಲಿ ಅಯೋಡಿನ್ ವಿಪರೀತ, ಥೈರಾಯ್ಡ್ ತೊಂದರೆ ಇರುವವರಿಗೆ ಅದು ಆಗಿಬರಲ್ಲ. ಪ್ಯಾಕೆಟ್ ಈಗ ನಮ್ಮನೆ ಡಬ್ಬದಲ್ಲಿದೆ.