ಡಾಕ್ಟರ್ ಅಂತ ಬರುತ್ತಾ?

ಡಿಸೆಂಬರ್ 7, 2025, ಭಾನುವಾರ
ಎಡಿಸನ್, ನ್ಯೂಜೆರ್ಸಿ

ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಊಟದ ಟೇಬಲ್ ಮೇಲೆ ಎರಡು ಪತ್ರಗಳ ಪ್ರಿಂಟ್ ಇವೆ. ಒಂದು ಸರ್ಕಾರಿ ಯೂನಿವರ್ಸಿಟಿಯದ್ದು, ಆಕ್ಯುಪೇಷನಲ್ ಥೆರಪಿಯಲ್ಲಿ (ಓಟಿ) ಮಾಸ್ಟರ್ಸ್. ಇನ್ನೊಂದು ಖಾಸಗಿ ಕಾಲೇಜಿನದ್ದು, ಅದೇ ವಿಷಯದಲ್ಲಿ ಡಾಕ್ಟರೇಟ್, ಅಂದರೆ ಓಟಿಡಿ. ಎರಡೂ ಕಡೆ ಸೀಟು ಸಿಕ್ಕಿದೆ. 15ನೇ ತಾರೀಕಿನೊಳಗೆ ಒಂದು ಕಡೆ ಡೆಪಾಸಿಟ್ ಕಟ್ಟಬೇಕು. ಎರಡು ಪತ್ರದ ಮೇಲೂ ಕಾಫಿ ಲೋಟದ ಉಂಗುರ ಬಿದ್ದಿದೆ.

ಬೆಳಿಗ್ಗೆ ಅಮ್ಮ ದಾವಣಗೆರೆಯಿಂದ ಫೋನ್ ಮಾಡಿದ್ದಳು.

"ಪುಟ್ಟಿ, ಎರಡರಲ್ಲಿ ಯಾವುದಕ್ಕೆ ಡಾಕ್ಟರ್ ಅಂತ ಬರುತ್ತೆ?"

"ಎರಡನೇದಕ್ಕೆ. ಆದರೆ ನೀನು ಅಂದ್ಕೊಂಡಿರೋ ಡಾಕ್ಟರ್ ಅಲ್ಲಮ್ಮ."

"ಯಾವ ಡಾಕ್ಟರ್ ಆದ್ರೇನು, ಅದನ್ನೇ ತಗೋ."

ಅಮ್ಮನ ಲೆಕ್ಕ ಅಲ್ಲಿಗೆ ಮುಗಿಯಿತು. ನನ್ನದು ಮುಗಿಯುತ್ತಿಲ್ಲ.

ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಇಲ್ಲಿಗೆ ಬಂದು ಡಿಪೆಂಡೆಂಟ್ ವೀಸಾದಲ್ಲಿ ಸುಮ್ನೆ ಕೂತವಳಿಗೆ 38ನೇ ವಯಸ್ಸಿನಲ್ಲಿ ಇದು ಯಾಕೆ ಬೇಕಿತ್ತು ಅಂತ ಕೇಳುವವರಿದ್ದಾರೆ. ಕಾರಣ ಒಂದು ಶರ್ಟಿನ ಗುಂಡಿ.

ಮಗನಿಗೆ ಮೂರು ವರ್ಷವಿದ್ದಾಗ ಆಟಿಸಂ ಅಂತ ಗೊತ್ತಾಯಿತು. ಐದಾದರೂ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ನಾನು ಮೊದಲಿನಿಂದ ಕಲಿಸುತ್ತಿದ್ದೆ: ಗುಂಡಿ ಹಿಡಿ, ತೂತು ಹುಡುಕು, ತೂರಿಸು. ಅವನು ಶರ್ಟ್ ಕಿತ್ತೆಸೆದು ಕಿರುಚುತ್ತಿದ್ದ. ಅವನ ಆಕ್ಯುಪೇಷನಲ್ ಥೆರಪಿಸ್ಟ್ ಅದನ್ನು ತಿರುವುಮುರುವು ಮಾಡಿದರು. ಎಲ್ಲ ತಾವೇ ಮಾಡಿ, ಗುಂಡಿ ಅರ್ಧ ಹೊರಗೆ ಇಣುಕುತ್ತಿರುವಾಗ ಬಿಟ್ಟರು. ಅದನ್ನು ಹಿಡಿದು ಎಳೆಯುವುದಷ್ಟೇ ಅವನ ಕೆಲಸ. ಎಳೆದ. ಗುಂಡಿ ಬಿತ್ತು. ಅವನ ಮುಖ ನೋಡಬೇಕಿತ್ತು! ಮುಂದಿನ ವಾರ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು. ಇದಕ್ಕೆ ಬ್ಯಾಕ್‌ವರ್ಡ್ ಚೈನಿಂಗ್ ಅನ್ನುತ್ತಾರೆ. ನಾನು ಅವತ್ತು ಕಾರಿನಲ್ಲಿ ಕೂತು ಅತ್ತು, ರಾತ್ರಿ ಈ ಕೋರ್ಸಿಗೆ ಏನೇನು ಓದಿರಬೇಕು ಅಂತ ಹುಡುಕಿದೆ. ಅನಾಟಮಿ, ಫಿಸಿಯಾಲಜಿ, ಸೈಕಾಲಜಿ, ಸ್ಟಾಟಿಸ್ಟಿಕ್ಸ್. ಎಲ್ಲವನ್ನೂ ಕಮ್ಯುನಿಟಿ ಕಾಲೇಜಿನಲ್ಲಿ ಒಂದೊಂದಾಗಿ ಮುಗಿಸಲು ಎರಡೂವರೆ ವರ್ಷ ಹಿಡಿಯಿತು.

ಆಕ್ಯುಪೇಷನ್ ಅಂದ ಕೂಡಲೇ ಊರಲ್ಲಿ ಎಲ್ಲರೂ ಉದ್ಯೋಗ ಅಂದುಕೊಳ್ಳುತ್ತಾರೆ. ಮಾವ ಬಹಳ ಗಂಭೀರವಾಗಿ "ಜನರಿಗೆ ಕೆಲಸ ಕೊಡಿಸೋದಾಮ್ಮ?" ಅಂತ ಕೇಳಿದ್ದರು. ಅಲ್ಲ, ದಿನಾ ಮಾಡುವ ಕೆಲಸಗಳು: ಹಲ್ಲುಜ್ಜುವುದು, ಸ್ನಾನ, ಊಟ, ಬಟ್ಟೆ. ಅವನ್ನು ತಾವಾಗಿ ಮಾಡಿಕೊಳ್ಳಲು ಕಲಿಸುವುದೇ ಈ ಥೆರಪಿ. ಅರ್ಜಿ ಹಾಕುವ ಮೊದಲು ನಾನು ಒಂದು ಪುನರ್ವಸತಿ ಕೇಂದ್ರದಲ್ಲಿ 40 ಗಂಟೆ ಸುಮ್ನೆ ನಿಂತು ನೋಡಬೇಕಿತ್ತು. ಸೊಂಟದ ಕೀಲು ಬದಲಿಸಿಕೊಂಡ ಅಜ್ಜ ಒಬ್ಬರಿಗೆ ಬಗ್ಗುವಂತಿಲ್ಲ. ಆದರೆ ಸಾಕ್ಸ್ ತಾವೇ ಹಾಕಿಕೊಳ್ಳಬೇಕೆಂಬ ಹಟ. ಅದಕ್ಕೊಂದು ಸಾಧನ ಇದೆ. ಪ್ಲಾಸ್ಟಿಕ್ಕಿನ ಅರ್ಧ ಕೊಳವೆ, ಎರಡು ಉದ್ದ ದಾರ. ಸಾಕ್ಸನ್ನು ಅದಕ್ಕೆ ತೊಡಿಸಿ, ದಾರ ಹಿಡಿದು ನೆಲಕ್ಕೆ ಬಿಟ್ಟು, ಪಾದ ತೂರಿಸಿ ಎಳೆದರೆ ಪ್ಲಾಸ್ಟಿಕ್ ಹಿಮ್ಮಡಿಯ ಹಿಂದಿನಿಂದ ಜಾರಿ ಹೊರಗೆ ಬರುತ್ತದೆ, ಸಾಕ್ಸ್ ಕಾಲಲ್ಲಿ ಉಳಿಯುತ್ತದೆ. ಮೊದಲ ಸಲ ಹಿಮ್ಮಡಿಯಲ್ಲೇ ಸಿಕ್ಕಿಕೊಂಡಿತು. ಎರಡನೇ ಸಲವೂ. ಥೆರಪಿಸ್ಟ್ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ ನಿಂತಿದ್ದರು, ಒಂದು ಬೆರಳೂ ಸೋಕಿಸಲಿಲ್ಲ.

ಅಪ್ಪನಿಗೆ ಸೊಂಟದ ಮೂಳೆ ಮುರಿದಾಗ ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದ ಮೇಲೆ ಪಂಚೆ ಉಡುವುದು ಹೇಗೆ, ಮಂಚದಿಂದ ಏಳುವುದು ಹೇಗೆ ಅಂತ ಹೇಳಿಕೊಡುವವರು ಇರಲಿಲ್ಲ. ಅಮ್ಮನೇ ಎಲ್ಲ ಮಾಡಿದಳು. ಆರು ತಿಂಗಳಲ್ಲಿ ಅಪ್ಪ ತಾವಾಗಿ ಮಾಡಿಕೊಳ್ಳುವುದನ್ನೇ ಬಿಟ್ಟುಬಿಟ್ಟರು.

ಇರಲಿ, ವಿಷಯಕ್ಕೆ ಬರುತ್ತೇನೆ.

ನನ್ನನ್ನು ಮೊದಲು ಹೆದರಿಸಿದ್ದು ಹಳೆಯ ಸುದ್ದಿ. "2027ರಿಂದ ಡಾಕ್ಟರೇಟ್ ಇಲ್ಲದಿದ್ದರೆ ಓಟಿ ಆಗೋಕೆ ಆಗಲ್ಲವಂತೆ" ಅಂತ ಪಕ್ಕದ ಬೀದಿಯವರೊಬ್ಬರು ಹೇಳಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಈ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎಕೋಟ್ 2017ರ ಆಗಸ್ಟಿನಲ್ಲಿ ಹಾಗೆಯೇ ಹೇಳಿತ್ತು, 2027ರ ಜುಲೈ 1ರ ಗಡುವನ್ನೂ ಕೊಟ್ಟಿತ್ತು. ದೊಡ್ಡ ಗಲಾಟೆಯಾಯಿತು. ಸಾಲ ಜಾಸ್ತಿಯಾಗುತ್ತದೆ, ಬಡವರ ಮಕ್ಕಳು ಬರುವುದಿಲ್ಲ, ಕೆಲಸ ಮಾತ್ರ ಅದೇ ಅಂತ ಜನ ಎದ್ದು ನಿಂತರು. 2019ರ ಏಪ್ರಿಲ್‌ನಲ್ಲಿ ಓಟಿಗಳ ಸಂಘದ ಪ್ರತಿನಿಧಿ ಸಭೆ ಎರಡೂ ದಾರಿ ಇರಲಿ ಅಂತ ಮತ ಹಾಕಿತು, ಗಡುವು ಬಿದ್ದುಹೋಯಿತು. ಫಿಸಿಯೋಥೆರಪಿಯವರ ಕಥೆಯೇ ಬೇರೆ. ಅವರಲ್ಲಿ ಈಗ ಹೊಸದಾಗಿ ಸೇರುವವರಿಗೆಲ್ಲ ಡಾಕ್ಟರೇಟೇ. ನಮ್ಮವರು ಬಾಗಿಲ ತನಕ ಹೋಗಿ ವಾಪಸ್ ಬಂದರು.

ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು? ಓದಿ ಮುಗಿಸಿದ ಮೇಲೆ ಬರೆಯುವ ಪರೀಕ್ಷೆ ಒಂದೇ, ಎನ್‌ಬಿಸಿಓಟಿ ಅನ್ನುವ ರಾಷ್ಟ್ರೀಯ ಮಂಡಳಿಯದ್ದು. ಪಾಸಾಗಲು ಇಬ್ಬರಿಗೂ 450 ಅಂಕ ಬೇಕು. ಲೈಸೆನ್ಸ್ ಒಂದೇ. ಕೊನೆಯಲ್ಲಿ ಮಾಡುವ 24 ವಾರದ ಫೀಲ್ಡ್‌ವರ್ಕ್ ಕೂಡ ಒಂದೇ. ಪೂರ್ತಿ ದಿನದ ದುಡಿಮೆ, ಸಾಮಾನ್ಯವಾಗಿ ಸಂಬಳವಿಲ್ಲ, ಮೇಲೆ ನಾವೇ ಫೀಸು ಕಟ್ಟಬೇಕು! ಕಾರ್ಮಿಕ ಇಲಾಖೆಯ 2024ರ ಲೆಕ್ಕದಲ್ಲಿ ಓಟಿಗಳ ನಡುಮಟ್ಟದ ವಾರ್ಷಿಕ ಸಂಬಳ 98 ಸಾವಿರ ಡಾಲರ್ ಆಸುಪಾಸು. ಅದರಲ್ಲಿ ಮಾಸ್ಟರ್ಸ್‌ಗೆ ಇಷ್ಟು, ಡಾಕ್ಟರೇಟ್‌ಗೆ ಇಷ್ಟು ಅಂತ ಬೇರೆ ಬೇರೆ ಸಾಲು ಇಲ್ಲ. ಓಟಿಡಿಯಲ್ಲಿ ಹೆಚ್ಚಾಗಿ ಇರುವುದು ಸಂಶೋಧನೆ, ನಾಯಕತ್ವದ ಕೆಲವು ಪಾಠಗಳು ಮತ್ತು 14 ವಾರದ ಕ್ಯಾಪ್‌ಸ್ಟೋನ್, ಅಂದರೆ ನಾವೇ ಆರಿಸಿಕೊಂಡ ಒಂದು ವಿಷಯದಲ್ಲಿ ಇಳಿದು ಮಾಡುವ ಪ್ರಾಜೆಕ್ಟ್.

ಇನ್ನು ದುಡ್ಡು. ಮಾಸ್ಟರ್ಸ್ ಎರಡೂವರೆ ವರ್ಷ, ಫೀಸು ಸುಮಾರು 45 ಸಾವಿರ ಡಾಲರ್. ಓಟಿಡಿ ಮೂರು ವರ್ಷ, 1 ಲಕ್ಷ 25 ಸಾವಿರ. ಗ್ರೀನ್ ಕಾರ್ಡ್ ಬಂದಿರುವುದರಿಂದ ನನಗೂ ಸರ್ಕಾರಿ ಸಾಲ ಸಿಗುತ್ತದೆ. ಮೊದಲಾಗಿದ್ದರೆ ಪೂರ್ತಿ ಖರ್ಚಿಗೂ ಸಿಗುತ್ತಿತ್ತು. ಈ ಜುಲೈನಲ್ಲಿ ಬಂದ ಹೊಸ ಕಾಯ್ದೆಯಿಂದ ಅದು ಹೋಯಿತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವ ಗ್ರಾಜುಯೇಟ್ ವಿದ್ಯಾರ್ಥಿಗೆ ವರ್ಷಕ್ಕೆ 20,500 ಡಾಲರ್ ಮಾತ್ರ. ಪ್ರೊಫೆಷನಲ್ ಡಿಗ್ರಿಯಾದರೆ 50 ಸಾವಿರ. ಆ ಪಟ್ಟಿಯಲ್ಲಿ ಯಾರಿರಬೇಕು ಅಂತ ಕಳೆದ ತಿಂಗಳು ಶಿಕ್ಷಣ ಇಲಾಖೆಯ ಸಮಿತಿ ಕೂತು ತೀರ್ಮಾನಿಸಿತು. ವೈದ್ಯರು, ವಕೀಲರು, ಫಾರ್ಮಸಿಯವರು, ಪಾದ್ರಿಗಳಾಗಲು ಓದುವವರು ಇದ್ದಾರೆ. ನರ್ಸಿಂಗ್ ಇಲ್ಲ, ಫಿಸಿಯೋ ಇಲ್ಲ, ಓಟಿಯೂ ಇಲ್ಲ. ಅಂತಿಮ ನಿಯಮ ಇನ್ನೂ ಬರಬೇಕು, ಆದರೆ ಅದನ್ನು ನಂಬಿ ಸಂಸಾರ ನಡೆಸಲು ಆಗುತ್ತದಾ? ಹೆಸರಿನಲ್ಲಿ ಡಾಕ್ಟರ್, ಸಾಲ ಕೊಡುವಾಗ ಅಲ್ಲ.

ಇವರು ರಾತ್ರಿ ಊಟವಾದ ಮೇಲೆ ಎಕ್ಸೆಲ್ ತೆರೆದರು. ಮೂರು ವರ್ಷಕ್ಕೆ 61,500 ಸರ್ಕಾರಿ ಸಾಲ. ಉಳಿದ 63,500 ಖಾಸಗಿ ಬ್ಯಾಂಕಿನಿಂದ, ಅವರು ಹೇಳಿದ ಬಡ್ಡಿಗೆ. ಓಟಿಡಿ ಶುರುವಾಗುವುದು ಆಗಸ್ಟಿನಲ್ಲಿ. ಜೂನ್‌ನಲ್ಲಿ ಶುರುವಾಗಿ ಜುಲೈ 1ರ ಮೊದಲೇ ಸಾಲ ಕೈಗೆ ಬಂದಿದ್ದರೆ ಹಳೆಯ ನಿಯಮವೇ ನಡೆಯುತ್ತಿತ್ತು. ಕೆಲವೇ ವಾರದಲ್ಲಿ ತಪ್ಪಿತು. ಇವರು ಏನೂ ಹೇಳಲಿಲ್ಲ, ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಪಾತ್ರೆ ತೊಳೆಯಲು ಎದ್ದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಓಟಿಡಿ ಪತ್ರವನ್ನು ಮಡಚಿ ಇಡಲಾರದೆ ಕೂತಿದ್ದಕ್ಕೆ ಕಾರಣ ಆ 14 ವಾರ.

ಮಗನ ಥೆರಪಿಯ ಗುರಿಪಟ್ಟಿಯಲ್ಲಿ ಮೊದಲ ವರ್ಷ ಒಂದು ಸಾಲಿತ್ತು: ಐದರಲ್ಲಿ ನಾಲ್ಕು ಸಲ ಚೆಲ್ಲದೆ ಫೋರ್ಕ್ ಬಳಸುವುದು. ಮನೆಯಲ್ಲಿ ನಾವು ಯಾರು ಫೋರ್ಕ್ ಬಳಸುತ್ತೇವೆ? ಸಾರನ್ನ ಕಲಸುವುದು ಬೆರಳಲ್ಲಿ. ಅವನಿಗೆ ಬೆರಳಿಗೆ ಅಂಟುವುದೆಂದರೆ ಆಗದು, ಹಾಗಾಗಿ ನಾನು ಎರಡು ವರ್ಷ ತುತ್ತು ಕೊಟ್ಟೆ. ಒಂದು ದಿನ ಧೈರ್ಯ ಮಾಡಿ ಥೆರಪಿಸ್ಟ್ ಹತ್ತಿರ ಹೇಳಿದೆ. ಅವರು ಪೆನ್ ಕೆಳಗಿಟ್ಟು, "ನೀವು ತಿನ್ನುವುದು ಹೇಗೆ, ತೋರಿಸಿ" ಅಂದರು. ಡಬ್ಬಿಯಲ್ಲಿದ್ದ ಮೊಸರನ್ನವನ್ನು ಅವರ ಮುಂದೆಯೇ ಕಲಸಿ, ಹೆಬ್ಬೆರಳಲ್ಲಿ ತಳ್ಳಿ ಬಾಯಿಗೆ ಹಾಕಿಕೊಂಡೆ. ಮುಂದಿನ ವಾರದಿಂದ ಒಣ ಅಕ್ಕಿ, ಆಮೇಲೆ ಉದುರು ಅನ್ನ, ಆಮೇಲೆ ತುಪ್ಪ ಹಾಕಿದ್ದು, ಕೊನೆಗೆ ಸಾರು. ಎಂಟು ತಿಂಗಳು ಬೇಕಾಯಿತು. ಈಗ ತಟ್ಟೆ ನೆಕ್ಕುತ್ತಾನೆ, ಅದನ್ನು ಬಿಡಿಸುವುದೇ ಕಷ್ಟ.

ಇಲ್ಲಿ ಎಷ್ಟು ಮನೆಗಳಲ್ಲಿ ಇಂಥ ಅಮ್ಮಂದಿರು ಬಾಯಿ ಮುಚ್ಚಿಕೊಂಡು ಫೋರ್ಕ್ ಕಲಿಸುತ್ತಿದ್ದಾರೋ. ಅವರಿಗೂ ಅವರ ಥೆರಪಿಸ್ಟ್‌ಗಳಿಗೂ ಒಂದು ಕೈಪಿಡಿ ಮಾಡಬೇಕು, ಅದೇ ನನ್ನ ಕ್ಯಾಪ್‌ಸ್ಟೋನ್ ಅಂತ ಮನಸ್ಸಲ್ಲೇ ಮುಖಪುಟ ಕೂಡ ಬರೆದಾಗಿತ್ತು.

ಸಂಜೆ ಉಡುಪಿಯ ಅಕ್ಕನಿಗೆ ಫೋನ್ ಮಾಡಿದೆ. ಊರಲ್ಲೇ ಓಟಿ ಓದಿ ಬಂದವರು, ಇಲ್ಲಿ ಪಾರ್ಶ್ವವಾಯು ರೋಗಿಗಳ ಜೊತೆ 18 ವರ್ಷದಿಂದ ಇದ್ದಾರೆ. ನಾನು ಎರಡೂ ಕಡೆಯ ಗುಣಾವಗುಣ ಪಟ್ಟಿ ಮಾಡಿ ಓದಿದೆ. ಅರ್ಧದಲ್ಲೇ ತಡೆದರು.

"ಎಂತದು ಮಾರಾಯ್ತಿ, ಮಗನಿಗೆ ಗುಂಡಿ ಹಾಕುವುದು ಹಿಂದಿನಿಂದ ಕಲಿಸಿದೆ, ನೀನು ಮುಂದಿನಿಂದ ಲೆಕ್ಕ ಹಾಕ್ತಿದ್ದಿ. ಕೊನೆಗೆ ನಿನಗೆ ಬೇಕಾದ ಕೆಲಸ ಎಂತದು? ಕಾಲೇಜಲ್ಲಿ ಪಾಠ ಮಾಡುವುದಾ, ಮಕ್ಕಳೊಟ್ಟಿಗೆ ನೆಲದಲ್ಲಿ ಕೂತುಕೊಳ್ಳುವುದಾ?"

"ನೆಲದಲ್ಲಿ ಕೂತುಕೊಳ್ಳೋದು ಅಕ್ಕ."

"ಮತ್ತೆಂತದು? ಪಾಠ ಮಾಡ್ಲಿಕ್ಕಾದ್ರೆ ಹೆಚ್ಚಿನ ಕಡೆ ಡಾಕ್ಟರೇಟ್ ಕೇಳ್ತಾರೆ, ಹೌದು. ಕೂತುಕೊಳ್ಳಲಿಕ್ಕೆ ಬೇಡ. ಆ ಕೈಪಿಡಿಗೆ ಯಾರ ಪರ್ಮಿಶನ್ ಬೇಕು ನಿಂಗೆ? ಮತ್ತೆ ಬೇಕು ಅನಿಸಿದ್ರೆ ಕೆಲಸ ಮಾಡಿಕೊಂಡೇ ಆನ್‌ಲೈನಲ್ಲಿ ಓಟಿಡಿ ಮಾಡು. ನಾನು ಮಾಡಿದ್ದು ಹಾಗೆ ಅಲ್ವಾ."

ನಾಲ್ಕು ವರ್ಷದ ಪರಿಚಯ. ಇವರು ಡಾಕ್ಟರೇಟ್ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಬ್ಯಾಡ್ಜಿನಲ್ಲಿ ಇದೆಯಂತೆ, ನಾನು ಯಾವತ್ತೂ ನೋಡಿರಲಿಲ್ಲ.

ಈಗ ರಾತ್ರಿ ಹನ್ನೊಂದು. ಸರ್ಕಾರಿ ಯೂನಿವರ್ಸಿಟಿಗೆ ಡೆಪಾಸಿಟ್ ಕಟ್ಟಿದೆ. ಕಾರ್ಡ್ ನಂಬರ್ ಹಾಕುವಾಗ ಒಂದು ಸಲ ತಪ್ಪಿತು, ಕೈ ನಡುಗುತ್ತಿತ್ತು. ಇನ್ನೊಂದು ಕಡೆಗೆ ಬರುವುದಿಲ್ಲ ಅಂತ ನಾಲ್ಕು ಸಾಲು ಬರೆದು ಕಳಿಸಿದೆ. ಊರಲ್ಲಿ ಆಗಲೇ ಬೆಳಿಗ್ಗೆ ಒಂಬತ್ತೂವರೆ, ಅಮ್ಮ ತಿಂಡಿ ಮುಗಿಸಿರುತ್ತಾಳೆ ಅಂತ ಫೋನ್ ಮಾಡಿದೆ.

"ಮಾಸ್ಟರ್ಸ್‌ಗೇ ಸೇರ್ತಿದ್ದೀನಿ ಅಮ್ಮ. ಡಾಕ್ಟರ್ ಅಂತ ಬರಲ್ಲ."

ಸ್ವಲ್ಪ ಹೊತ್ತು ಕುಕ್ಕರಿನ ಸದ್ದು ಮಾತ್ರ ಕೇಳಿಸಿತು.

"ಹೋಗ್ಲಿ ಬಿಡು," ಅಂದಳು. "ನಾನು ಆಗ್ಲೇ ಎಲ್ಲರಿಗೂ ಹೇಳಿ ಆಯ್ತು."