ಬೈಯಪ್ಪನಹಳ್ಳಿಗೆ ಎರಡು ಸಲ

2019ರ ಜೂನಲ್ಲಿ ಇವಾಂಜೆಲಿಯನ್ ನೆಟ್‌ಫ್ಲಿಕ್ಸಿಗೆ ಬಂತಲ್ಲ, ಆವಾಗ ನಾನೂ ನಮ್ ರೂಮ್‌ಮೇಟೂ ಕೂತು ನೋಡಕ್ ಶುರು ಮಾಡಿದ್ವಿ. 1995ರ ಜಪಾನಿ ಆನಿಮೇಷನ್ ಸೀರೀಸು, 26 ಎಪಿಸೋಡು, ದೊಡ್ಡ ದೊಡ್ಡ ರೋಬೋ ಹೊಡೆದಾಡ್ತವೆ, ನಂಗ್ ಗೊತ್ತಿದ್ದಿದ್ದು ಇಷ್ಟೇ. ನೋಡಿದ್ರೆ ಆ ರೋಬೋಗಳಿಗೆ ಬೆನ್ನಿಗೊಂದು ಕೇಬಲ್ಲು, ಕಿತ್ತೋದ್ರೆ ಒಳಗಿರೋ ಬ್ಯಾಟರಿ 5 ನಿಮಿಷ, ಜೋರಾಗಿ ಕುಣಿದ್ರೆ 1 ನಿಮಿಷ ಅಷ್ಟೇ. ನಮ್ ಓನರ್ ಮನೆ ಯುಪಿಎಸ್ಸೇ ವಾಸಿ ಮಗಾ ಅಂತ ನಕ್ಕಿದ್ದೂ ನಕ್ಕಿದ್ದೇ.

ಅದಕ್ಕಿಂತ ಜಾಸ್ತಿ ನಕ್ಕಿದ್ದು ಶಿಂಜಿನ ನೋಡಿ. 14 ವರ್ಷದ ಹುಡುಗ, ವರ್ಷಗಟ್ಟಲೆ ತಿರುಗಿ ನೋಡದ ಅಪ್ಪ ಒಂದಿನ "ಬಾ" ಅಂತ ಕಾಗದ ಕಳಿಸ್ತಾನೆ, ಇವನು ಹೋಗ್ತಾನೆ, ಅಪ್ಪ ಮೇಲ್ಗಡೆ ಗಾಜಿನ ಹಿಂದೆ ನಿಂತ್ಕೊಂಡು ಈ ರೋಬೋ ಹತ್ತು, ಇಲ್ಲಾಂದ್ರೆ ವಾಪಸ್ ಹೋಗು ಅಂತಾನೆ. ಇವನು ಆಗಲ್ಲ ಅಂತಿದ್ದಂಗೆ ಮೈಯೆಲ್ಲಾ ಬ್ಯಾಂಡೇಜ್ ಸುತ್ತಿರೋ ಒಂದು ಹುಡುಗಿನ ಸ್ಟ್ರೆಚರಲ್ಲಿ ತಳ್ಕೊಂಡ್ ಬರ್ತಾರೆ, ನೀನ್ ಹತ್ತದಿದ್ರೆ ಇವಳೇ ಹತ್ಬೇಕು. ಆವಾಗ ಹುಡುಗ "ಓಡಿಹೋಗ್ಬಾರ್ದು, ಓಡಿಹೋಗ್ಬಾರ್ದು" ಅಂತ ತನಗೆ ತಾನೇ ಜಪ ಮಾಡ್ಕೊಂಡು ಹತ್ತದು. ಎಂಥಾ ಅಳುಮುಂಜಿ ಗುರೂ, ಕೊಟ್ಟಿರೋದು ಇಡೀ ಪ್ರಪಂಚ ಉಳಿಸೋ ರೋಬೋ, ಖುಷಿಯಾಗಿ ಓಡಿಸೋದ್ ಬಿಟ್ಟು ಏನ್ ಗೋಳು ಇವ್ನದು ಅಂದಿದ್ದೆ. ಈ ಮಾತು ಜ್ಞಾಪಕ ಇರ್ಲಿ.

ನಾಲ್ಕನೇ ಎಪಿಸೋಡಲ್ಲಿ ಅವನು ಓಡಿಹೋಗ್ತಾನೆ. ಹೋಗೋದೆಲ್ಲಿಗೆ ಅಂದ್ರೆ ಎಲ್ಲಿಗೂ ಇಲ್ಲ. ರೈಲಲ್ಲಿ ಸುಮ್ನೆ ಕೂತ್ಕೊಂಡು ರೌಂಡ್ ಹೊಡೀತಾನೆ, ಕಿವೀಲಿ ಇಯರ್‌ಫೋನು, ಕೈಯಲ್ಲಿರೋ ಪ್ಲೇಯರಲ್ಲಿ 25ನೇ ಟ್ರ್ಯಾಕು, 26ನೇ ಟ್ರ್ಯಾಕು, ಮತ್ತೆ 25. ಅಕ್ಕಪಕ್ಕ ಜನ ತುಂಬ್ತಾರೆ, ಖಾಲಿ ಆಗ್ತಾರೆ, ಇವನು ಕೂತೇ ಇರ್ತಾನೆ. ರೋಬೋನೇ ಇಲ್ವಲ್ಲೋ ಇದ್ರಲ್ಲಿ ಅಂತ ನಾನು ಮಧ್ಯದಲ್ಲೇ ಎದ್ದು ಹಾಲು ತರಕ್ ಹೋಗಿದ್ದೆ.

ಇದಾಗಿ ಒಂದ್ ತಿಂಗಳಿಗೆ ನಮ್ ಆಫೀಸಲ್ಲಿ ಒಂದು ಸಾಫ್ಟ್‌ವೇರ್ ರಿಲೀಸ್ ಇತ್ತು. ಆ ಮಾಡ್ಯೂಲ್ ನನ್ನದಲ್ಲ, ನನಗೆ ಅದರ ತಲೆಬುಡ ಗೊತ್ತಿಲ್ಲ, ಎರಡು ವಾರದಿಂದ ರಾತ್ರಿ ಎರಡಕ್ಕೆ ಮಲಗಿ ಏಳಕ್ಕೆ ಏಳ್ತಿದ್ದೆ. ಅವತ್ತು ಬೆಳಗ್ಗೆ ಬೆಂಗಳೂರು ಮೆಟ್ರೋದ ವಿಜಯನಗರ ಸ್ಟೇಷನ್ ಮೆಟ್ಟಿಲು ಹತ್ತಬೇಕಾದ್ರೆ ಟೀಮ್ ಲೀಡ್ ಫೋನು. "ನೋಡಪ್ಪಾ, ಇವತ್ತು ನೀನೇ ಕೂತು ಮಾಡ್ಬೇಕು, ಆಗಲ್ಲ ಅಂದ್ರೆ ಹೇಳ್ಬಿಡು, ಪಾಪ ಆ ಹುಡುಗಿಗೆ ಜ್ವರ, ಅವಳನ್ನೇ ಲಾಗಿನ್ ಆಗು ಅಂತ ಹೇಳ್ತೀನಿ" ಅಂದ್ರು. ನಾನು ಆಯ್ತು ಸರ್ ಮಾಡ್ತೀನಿ ಅಂದೆ. ಫೋನಿಟ್ಟು ಒಂದು ನಿಮಿಷಕ್ಕೆ ಸ್ಟ್ರೆಚರ್ ನೆನಪಾಗಿ ನಗು ಬಂತು, ಆ ನಗು ಒಂಥರಾ ನಿಲ್ಲಲೇ ಇಲ್ಲ, ಪಕ್ಕದ ಆಂಟಿ ಸ್ವಲ್ಪ ಸರಿದು ನಿಂತ್ಕೊಂಡ್ರು.

ಇಳೀಬೇಕಾಗಿದ್ದು ಇಂದಿರಾನಗರದಲ್ಲಿ. ಬಾಗಿಲು ತೆಗೀತು, ಎಲ್ರೂ ಇಳಿದ್ರು, ನನ್ ಕಾಲು ಏಳಲಿಲ್ಲ. ತೀರ್ಮಾನ ಗೀರ್ಮಾನ ಏನೂ ಮಾಡಿರ್ಲಿಲ್ಲ, ಬರೀ ಏಳಲಿಲ್ಲ ಅಷ್ಟೇ. ಬಾಗಿಲು ಮುಚ್ಚಿತು. ಆವಾಗಿನ್ನೂ ಪರ್ಪಲ್ ಲೈನು ಬೈಯಪ್ಪನಹಳ್ಳಿಗೇ ಮುಗೀತಿತ್ತು, ಅಲ್ಲಿ ಇಳಿದು ಗೇಟಿಂದ ಆಚೆ ಹೋಗದೆ ವಾಪಸ್ ರೈಲಲ್ಲಿ ಕೂತೆ, ಫೋನ್ ಫ್ಲೈಟ್ ಮೋಡಿಗೆ ಹಾಕ್ದೆ. ಎಂ.ಜಿ. ರೋಡ್ ದಾಟಿದ್ ತಕ್ಷಣ ರೈಲು ನೆಲದೊಳಗೆ ಇಳಿಯುತ್ತೆ, ಕಿಟಕಿ ಗಾಜಲ್ಲಿ ನಮ್ ಮುಖಾನೇ ನಮಗ್ ಕಾಣುತ್ತೆ, ಗಡ್ಡ ಬಿಟ್ಕೊಂಡು ಐಡಿ ಕಾರ್ಡ್ ನೇತಾಕ್ಕೊಂಡಿರೋ ಒಬ್ಬ ಮನುಷ್ಯ. ಮೆಜೆಸ್ಟಿಕ್ಕಲ್ಲಿ ಜನ ನುಗ್ಗಿದ್ರು. ಮಾಗಡಿ ರೋಡ್ ಹತ್ರ ಮತ್ತೆ ಮೇಲಕ್ಕೆ ಬಂದಾಗ ಕಣ್ಣಿಗೆ ಬಿಸಿಲು ಹೊಡೀತು. ಮೈಸೂರು ರೋಡಲ್ಲಿ ಇಳಿದು ಮತ್ತೆ ಹತ್ತಿ ಇನ್ನೊಂದ್ ಸಲ ಬೈಯಪ್ಪನಹಳ್ಳಿ. ನನ್ನ ಹತ್ರ ಇಯರ್‌ಫೋನ್ ಇರ್ಲಿಲ್ಲ, ಆದ್ರೆ "ಮುಂದಿನ ನಿಲ್ದಾಣ" ಅನ್ನೋ ಆ ದನಿ ಇತ್ತಲ್ಲ, ಅದೇ ನನ್ 25, 26ನೇ ಟ್ರ್ಯಾಕು.

ಇವಾಂಜೆಲಿಯನ್ ಮಾಡಿದ ಡೈರೆಕ್ಟರು ಹಿದೆಯಾಕಿ ಅನ್ನೋ ಅನ್ನೋರು (ಹೆಸರೇ ಹಂಗಿದೆ, ನಾನೇನ್ ಮಾಡ್ಲಿ). ಅವರು ಅದಕ್ಕಿಂತ ಮುಂಚೆ ನಾಲ್ಕು ವರ್ಷ ಏನೂ ಮಾಡಕ್ಕಾಗದೆ, ಓಡಿಹೋಗ್ತಾ ಬದುಕಿದ್ದೆ ಅಂತ ತಾವೇ ಬರ್ಕೊಂಡಿದಾರೆ. ಎರಡನೇ ರೌಂಡಲ್ಲಿ ನಂಗೆ ತಲೇಲಿ ಓಡ್ತಿದ್ದಿದ್ದು ಇದೇ. ಓಡಿಹೋಗಿರೋನಿಗೆ ಮಾತ್ರ ಗೊತ್ತಿರುತ್ತೆ, ಓಡಿಹೋಗೋದ್ರಲ್ಲಿ ಓಟಾನೇ ಇರಲ್ಲ ಅಂತ, ಬರೀ ಕೂತಿರೋದು. ನಾನಾಗಿದ್ರೆ ಆ ಸೀನಲ್ಲಿ ಮಳೇಲಿ ಓಡೋ ಹೀರೋನ ತೋರಿಸಿ ಮ್ಯೂಸಿಕ್ ಹಾಕ್ತಿದ್ದೆ.

ವಾಪಸ್ ವಿಜಯನಗರದಲ್ಲಿ ಕಾರ್ಡ್ ಇಟ್ರೆ ಗೇಟ್ ತೆಗೀಲೇ ಇಲ್ಲ, ಕೆಂಪು ಲೈಟು. ಎರಡು ಗಂಟೆ ಮೇಲೆ ಒಳಗಿದ್ರೆ ಎಕ್ಸ್‌ಟ್ರಾ ದುಡ್ಡು ಕಟ್ಬೇಕು ಅಂತ ರೂಲು, ನಂಗ್ ಗೊತ್ತಿರ್ಲಿಲ್ಲ. ಕೌಂಟರಲ್ಲಿದ್ದೋರು ಇಷ್ಟ್ ಹೊತ್ತು ಎಲ್ಲಿಗ್ ಹೋಗಿದ್ರಿ ಸರ್ ಅಂದ್ರು. "ಬೈಯಪ್ಪನಹಳ್ಳಿಗೆ." ಬೈಯಪ್ಪನಹಳ್ಳಿಗೆ ಹೋಗಿ ಇಲ್ಲಿಗ್ಯಾಕ್ ಬಂದ್ರಿ? "ಎರಡು ಸಲ ಹೋಗಿದ್ದೆ." ಅವರು ಮುಂದೆ ಏನೂ ಕೇಳ್ಲಿಲ್ಲ, ದುಡ್ಡು ತಗೊಂಡು ಬಿಟ್ರು.

ಫೋನ್ ಆನ್ ಮಾಡಿದ್ರೆ ಮೆಸೇಜುಗಳ ಸುರಿಮಳೆ. ಸರ್ ಸಂಜೆ ಹೊತ್ತಿಗೆ ಕನೆಕ್ಟ್ ಆಗ್ತೀನಿ ಅಂತ ಒಂದ್ ಲೈನ್ ಹಾಕ್ದೆ. ಆಮೇಲೆ ಬೈಸ್ಕೊಂಡಿದ್ದು, ರಿಲೀಸ್ ಮುಂದಕ್ಕೆ ಹೋಗಿದ್ದು ಎಲ್ಲಾ ಆಯ್ತು, ಪ್ರಪಂಚ ಏನ್ ಮುಳುಗ್ಲಿಲ್ಲ.

ಶಿಂಜಿ ಕತೇಲಿ ಅವನನ್ನ ವಾಪಸ್ ಕಳ್ಸೋ ರೈಲು ಹೊರಟೋಗುತ್ತೆ, ಇವನು ಹತ್ತದೆ ಪ್ಲಾಟ್‌ಫಾರ್ಮಲ್ಲೇ ನಿಂತಿರ್ತಾನೆ, ಅವನನ್ನ ಮನೇಲಿ ಇಟ್ಕೊಂಡಿದ್ದ ಮಿಸಾತೋ ಕಾರಲ್ಲಿ ಬಂದು ಎದುರಿಗೆ ನಿಲ್ತಾಳೆ. ಇಬ್ರೂ ಎಷ್ಟೋ ಹೊತ್ತು ಮಾತೇ ಆಡಲ್ಲ. ಆಮೇಲೆ ಇವನು "ತದಾಇಮಾ" ಅಂತಾನೆ, ಮನೆಗೆ ಬಂದಾಗ ಜಪಾನಿಗಳು ದಿನಾ ಹೇಳೋ ಮಾತು, ಅವಳು ಅದಕ್ಕೆ ತಿರುಗಿ ಹೇಳೋದನ್ನ ಹೇಳ್ತಾಳೆ. ಹಾಲು ತಂದು ಉಳಿದಿದ್ದು ನೋಡುವಾಗ ಸಬ್‌ಟೈಟಲ್ಲಲ್ಲಿ ಮನೆ, ಸ್ವಾಗತ ಅಂತೆಲ್ಲಾ ಬಂದಿದ್ದು ಓದಿ ಇದೇನಪ್ಪಾ ನಾಟಕ ಅನ್ಸಿತ್ತು.

ರೂಮಿನ ಬಾಗಿಲು ಬಡಿದೆ. ರೂಮ್‌ಮೇಟ್‌ದು ನೈಟ್ ಶಿಫ್ಟು, ಹಗಲು ಮಲಗಿರ್ತಾನೆ. ಕಣ್ಣು ಅರ್ಧ ಮುಚ್ಕೊಂಡೇ ಚಿಲಕ ತೆಗೆದ, ಒಂದ್ ಗಂಟೆಗೆ ಯಾಕ್ ಬಂದೆ ಅಂತ ಕೇಳ್ಲಿಲ್ಲ.

"ಬಂದ್ಯಾ?"

"ಬಂದೆ."

"ಕುಕ್ಕರಲ್ಲಿ ಅನ್ನ ಇದೆ, ಸಾರು ಬಿಸಿ ಮಾಡ್ಕೊ" ಅಂದು ಮತ್ತೆ ಹೋಗಿ ಮಲ್ಕೊಂಡ.