ಒದ್ದೆ ಗಂಟು ಕಂಡದ್ದು ಯಾವಾಗ?

ನಾನು ಪಶುವೈದ್ಯರ ಬಳಿ ಸಹಾಯಕಿಯಾಗಿ ಸೇರಿದ ಮೊದಲ ವರ್ಷ. ಒಂದು ಸಂಜೆ ಫೋನ್ ಬಂತು. "ಬೆಕ್ಕಿಗೆ ಮಲಬದ್ಧತೆ ಆದಂತಿದೆ, ಬೆಳಗಿನಿಂದ ಮರಳಿನ ತಟ್ಟೆಯಲ್ಲಿ ಕೂತು ತಿಣುಕುತ್ತಿದೆ" ಎಂದರು. ನಾಳೆ ಬೆಳಿಗ್ಗೆ ಕರೆತನ್ನಿ ಎಂದುಬಿಟ್ಟೆ. ಗಂಡೋ ಹೆಣ್ಣೋ ಎಂದು ಕೂಡ ಕೇಳಲಿಲ್ಲ.

ಬೆಳಿಗ್ಗೆ ಬುಟ್ಟಿಯಿಂದ ಎತ್ತಿದರೆ ಮೈ ತಣ್ಣಗಿತ್ತು. ವೈದ್ಯರು ನನ್ನ ಬೆರಳುಗಳನ್ನು ಅದರ ಹೊಟ್ಟೆಯ ಮೇಲಿಟ್ಟು "ಒತ್ತಬೇಡ, ಒಡೆದೀತು" ಎಂದರು. ಒಳಗೆ ಕಿತ್ತಳೆ ಗಾತ್ರದ, ಕಲ್ಲಿನಂತೆ ಬಿಗಿದ ಗುಂಡು. ಅದು ಮೂತ್ರಕೋಶ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರ ಕಿರಿದು. ಲೋಳೆಯೂ ಹರಳೂ ಸೇರಿ ಅಲ್ಲಿ ಬಿರಡೆ ಬಡಿದಂತೆ ಕೂತರೆ ಹನಿಯೂ ಹೊರಬಾರದು. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರಿ ಹೃದಯವನ್ನು ಹಿಡಿಯುತ್ತದೆ. ಆಸ್ಪತ್ರೆಯ ಗಾಬರಿಯಲ್ಲಿ 180 ದಾಟಬೇಕಾದ ಬಡಿತ ಅಂದು 90ರಲ್ಲಿತ್ತು.

ನಾನು ಮೂತ್ರ ಹೊರತೆಗೆಯುವ ನಳಿಕೆ, ಕ್ಯಾತಿಟರ್ ಎತ್ತಿಕೊಟ್ಟೆ. ವೈದ್ಯರು ಪಕ್ಕಕ್ಕಿಟ್ಟು, ಮೊದಲು ಹೃದಯ ಎಂದರು. ಇಸಿಜಿ ನೋಡುತ್ತಾ ಕ್ಯಾಲ್ಸಿಯಂ ಗ್ಲುಕೋನೇಟ್ ಅನ್ನು ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟರು. ಬಡಿತ ಚೇತರಿಸಿದ ಮೇಲೆ ಅರಿವಳಿಕೆ ಕೊಟ್ಟು ಅಡೆ ಬಿಡಿಸಿದರು. ಕೆಂಪು ಮೂತ್ರ ಹರಿಯಿತು. ನಿನ್ನೆಯೇ ಬನ್ನಿ ಎನ್ನಬೇಕಿತ್ತು, ತಪ್ಪು ನನ್ನದು ಎಂದು ಮನೆಯವರಿಗೆ ನಾನೇ ಹೇಳಿದೆ.

ಅಡೆ ಬಿಟ್ಟರೆ ಗಂಡಾಂತರ ಕಳೆಯಿತು ಎಂದುಕೊಂಡಿದ್ದೆ. ಆಮೇಲಿನ ಒಂದೆರಡು ದಿನ ಮೂತ್ರ ಕಟ್ಟೆಯೊಡೆದಂತೆ ಬರಬಹುದು, ಡ್ರಿಪ್ ಅದಕ್ಕೆ ಸರಿಗಟ್ಟದಿದ್ದರೆ ಬೆಕ್ಕು ಒಣಗಿಹೋಗುತ್ತದೆ. ಹಾಗಾಗಿ ನಾಲ್ಕು ಗಂಟೆಗೊಮ್ಮೆ, ನಳಿಕೆಯಿಂದ ಮೂತ್ರ ಬಂದು ತುಂಬುವ ಚೀಲದ ಅಳತೆ ಬರೆಯುವ ಕೆಲಸ ನನ್ನದಾಯಿತು. ರಾತ್ರಿ ಎರಡಕ್ಕೆ ನೋಡಿದರೆ ಚೀಲ ಖಾಲಿ. ಮತ್ತೆ ಕಟ್ಟಿಕೊಂಡಿತೇ ಎಂದು ಎದೆ ಧಸಕ್ಕೆಂದಿತು. ಬಗ್ಗಿ ನೋಡಿದೆ. ಹಿಂಗಾಲಿನ ಅಡಿ ನಳಿಕೆ ಮಡಚಿಕೊಂಡಿತ್ತು. ಕಾಲು ಮೆಲ್ಲಗೆ ಸರಿಸಿದೆ. ಪಾರದರ್ಶಕ ನಳಿಕೆಯಲ್ಲಿ ಹಳದಿ ಗೆರೆ ಓಡಿತು. ಬೆಕ್ಕು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

ಬದುಕಿತು. ಮನೆಗೆ ಕಳಿಸುವಾಗ ನೀರಿನಂಶ ಹೆಚ್ಚಿರುವ ಹಸಿ ಆಹಾರ, ಎರಡು ಮೂರು ಕಡೆ ನೀರಿನ ಬಟ್ಟಲು, ಇನ್ನೊಂದು ಮರಳಿನ ತಟ್ಟೆ, ಗದ್ದಲವಿಲ್ಲದ ಮೂಲೆ ಎಂದು ಬರೆದುಕೊಟ್ಟೆ. ಮೊದಲ ಕೆಲವು ದಿನಗಳಲ್ಲೇ ಮತ್ತೆ ಕಟ್ಟಿಕೊಳ್ಳುವ ಭಯ ಹೆಚ್ಚು ಎಂಬುದನ್ನು ಎರಡು ಸಲ ಹೇಳಿದೆ.

ಈಗ ಯಾರಾದರೂ ಮಲಬದ್ಧತೆ ಎಂದರೆ ಗಂಡು ಬೆಕ್ಕೇ ಎಂದು ಮೊದಲು ಕೇಳುತ್ತೇನೆ. ಆಮೇಲೆ, "ಮರಳಿನಲ್ಲಿ ಮೂತ್ರದ ಒದ್ದೆ ಗಂಟು ಕೊನೆಯ ಸಲ ಕಂಡದ್ದು ಯಾವಾಗ?" ಆ ಕಡೆಯಿಂದ ಉತ್ತರ ತಡವಾದರೆ, ಫೋನ್ ಇಟ್ಟು ಈಗಲೇ ಹೊರಡಿ ಎನ್ನುತ್ತೇನೆ.